ಜಂತುಹುಳುವೂ ಕುರಿಯ ರಕ್ತದ ಕಾವಲೂ

ಹುನಗುಂದ ಸೀಮೆಯಲ್ಲಿ ಮುಂಗಾರು ಹಿಡಿದ ಕೂಡಲೆ ಇಡೀ ಹಿಂಡಿಗೆ ಜಂತಿನ ಔಷಧವನ್ನು ಕುಡಿಸಿ ನಿಶ್ಚಿಂತರಾಗುವವರುಂಟು. ಈ ರೂಢಿಯನ್ನು ಬಿಡತಕ್ಕದ್ದೆಂದು ನನ್ನ ಮತವು. ಹಿಂಡನ್ನು ಹೊಲದಲ್ಲಿ ತರುಬಿಸಿ ಗೊಬ್ಬರದ ಲಾಭ ಪಡೆಯುವ ಜಮೀನುದಾರರು ಇದು ಬರಿಯ ಕುರಿಗಾರರ ಸಂಗತಿಯೆಂದು ತಿಳಿಯಬಾರದು.

ಕುರಿಯ ನಾಲ್ಕನೆಯ ಹೊಟ್ಟೆಯಲ್ಲಿ ನೆಲಸಿ ರಕ್ತ ಹೀರುವ ಹಿಮಾಂಕಸ್ ಎಂಬ ಹುಳುವಿನ ಒಂದು ಹೆಣ್ಣು ದಿನಕ್ಕೆ 5,000ಕ್ಕೂ ಮಿಕ್ಕಿ ತತ್ತಿಗಳನ್ನಿಡಬಲ್ಲದು. ಅವು ಹಿಕ್ಕೆಯೊಡನೆ ಹೊರಬಿದ್ದು ಮರಿಹುಳುಗಳಾಗಿ, ಮಲಪ್ರಭೆಯ ದಂಡೆಯಂಥ ಹಸಿ ನೆಲದ ಹುಲ್ಲನ್ನೇರಿ, ಮೇಯುವ ಕುರಿಯ ಬಾಯಿಯನ್ನು ಸೇರುವವು.

ಸೂಕ್ಷ್ಮ ರೋಗಾಣುಗಳನ್ನು ರಕ್ತದ ಬಿಳಿಯ ಕಣಗಳು ನುಂಗಿಬಿಡುವವು. ಹುಳುವಾದರೋ ಕಣಕ್ಕಿಂತ ಎಷ್ಟೋ ಪಟ್ಟು ದೊಡ್ಡದು, ನುಂಗಲಾಗದು. ಆದಕಾರಣ ಶರೀರವು ಬೇರೊಂದು ಯುಕ್ತಿಯನ್ನು ಹೂಡುವದು. ಹುಳುವಿನ ಗುರುತು ಹಿಡಿದ ಕಣಗಳು ಮಿಕ್ಕವುಗಳಿಗೆ ಸೂಚನೆಯನ್ನು ಕೊಡುವವು. ಪ್ರತಿಕಾಯಗಳೆಂಬ ದ್ರವ್ಯಗಳು ಮರಿಹುಳುವಿನ ಮೈಗೆ ಅಂಟಿಕೊಳ್ಳುವವು. ಆ ಗುರುತಿನ ಮೇಲೆ ಈಯೊಸಿನೊಫಿಲ್ ಕಣಗಳು ಮುತ್ತಿ, ತಮ್ಮೊಳಗಿನ ವಿಷವನ್ನು ಅದರ ಚರ್ಮದ ಮೇಲೆ ಸುರಿಯುವವು. ಇಯೊಸಿನ್ ಎಂಬ ಕೆಂಪು ಬಣ್ಣವನ್ನು ಹೀರುವದರಿಂದ ಇವಕ್ಕೆ ಆ ಹೆಸರು. 1879ರಲ್ಲಿ ಪಾಲ್ ಎರ್ಲಿಖ್ ಎಂಬ ಜರ್ಮನ್ ಪಂಡಿತನು ಇವನ್ನು ವರ್ಣಿಸಿದನು. ಹೊಟ್ಟೆಯ ಒಳಪದರದ ಮಾಸ್ಟ್ ಕಣಗಳು ಲೋಳೆಯನ್ನು ಹೆಚ್ಚಿಸಿ ಹುಳುವಿಗೆ ನೆಲೆ ತಪ್ಪಿಸುವವು.

ಈ ಕಾವಲು ಎಳೆಯ ಮರಿಗಳಲ್ಲಿ ಇನ್ನೂ ಬಲಿತಿರುವದಿಲ್ಲ. ಈಯುವ ಕಾಲದ ಕುರಿಗಳಲ್ಲಿ ಅದು ಕುಂದುವದು. ಮೇವಿನಲ್ಲಿ ಸಸಾರಜನಕ ಸಾಲದಿದ್ದರೆ ಎಲ್ಲ ಕುರಿಗಳಲ್ಲಿಯೂ ಸೊರಗುವದು. ಒಣ ಕಣಿಕೆಯೊಂದರಿಂದಲೇ ಕಣಗಳ ದಂಡು ಕಟ್ಟಲಾಗುವದೆ?

ಎಲ್ಲಕ್ಕೂ ಒಮ್ಮೆಲೆ ಔಷಧ ಕುಡಿಸಿದರೆ ಔಷಧಕ್ಕೆ ಜಗ್ಗದ ಹುಳುಗಳು ಮಾತ್ರ ಉಳಿದು ಅವುಗಳ ಸಂತತಿಯೇ ಬೆಳೆಯುವದು. ಆಲ್ಬೆಂಡಜೋಲ್ ಜಾತಿಯ ಔಷಧಗಳು ಹೀಗೆ ಬಲಗುಂದಿದ್ದು ಭಾರತದಲ್ಲಿಯೂ ಕಂಡುಬಂದಿದೆ. ದಕ್ಷಿಣ ಆಫ್ರಿಕದವರು ಕಣ್ಣಿನ ಕೆಳರೆಪ್ಪೆಯ ಒಳಬಣ್ಣವನ್ನು ನೋಡಿ, ಬಿಳಿಚಿದ್ದಕ್ಕೆ ಮಾತ್ರ ಔಷಧ ಕೊಡುವ ಫಮಾಚಾ ಎಂಬ ಪದ್ಧತಿಯನ್ನು ರೂಪಿಸಿದರು. ಪಶುವೈದ್ಯರಿಂದ ಕಲಿತರೆ ನಮ್ಮಲ್ಲಿಯೂ ಇದು ಸಾಧ್ಯವು. ಗದ್ದದ ಕೆಳಗೆ ಬಾವು ಬಂದ ಕುರಿಗೆ ಮಾತ್ರ ಒಂದು ದಿನವೂ ತಡಮಾಡಲಾಗದು.

ಹುಳುವನ್ನು ತಡೆಯುವ ಶಕ್ತಿಯು ತಕ್ಕಮಟ್ಟಿಗೆ ವಂಶದಿಂದ ಬರುವದು. ಅಮೀನಗಡದ ಸಂತೆಯಲ್ಲಿ ಟಗರಿನ ಮೈಕಟ್ಟನ್ನೂ ಕೊಂಬನ್ನೂ ನೋಡಿ ಬೆಲೆ ಕಟ್ಟುವರು. ಅದರ ಹಿಕ್ಕೆಯಲ್ಲಿ ತತ್ತಿ ಎಷ್ಟೆಂದು ಪರೀಕ್ಷೆ ಮಾಡಿಸಿದವರನ್ನು ನಾನು ಕಾಣೆನು! ಬೀಜದ ಟಗರನ್ನು ಆರಿಸುವ ಮುಂಚೆ ಪಶು ಆಸ್ಪತ್ರೆಯಲ್ಲಿ ಈ ಪರೀಕ್ಷೆ ಆಗಲಿ.

ಇನ್ನು ಮೇವಿನ ಮಾತು. ಹಿಂಡಿ ತುಟ್ಟಿಯೆಂದು ಕುರಿಗಾರರು ಹೇಳುವದು ಸುಳ್ಳಲ್ಲ. ತರುಬಿದ್ದಕ್ಕೆ ಕೊಡುವ ಹಣ ಅಥವಾ ಕಾಳಿನೊಡನೆ ಜಮೀನುದಾರರು ಶೇಂಗಾದ ಹೊಟ್ಟನ್ನೂ ಕೊಂಚ ಹಿಂಡಿಯನ್ನೂ ಗಬ್ಬದ ಕುರಿಗಳ ಸಲುವಾಗಿ ಕೊಡಲಿ; ಈಯುವದಕ್ಕೆ ಒಂದು ತಿಂಗಳು ಮೊದಲೇ ಕೊಡಲಿ.