ಬೆಳಕಿಗೊಂದು ಬಳಸುದಾರಿ

೧೯೬೩ರಲ್ಲಿ ಬೆಂಗಳೂರಿನಲ್ಲಿ ಷೇರು ವಿನಿಮಯ ಕೇಂದ್ರವೊಂದು ಸ್ಥಾಪಿತವಾಯಿತು. ಕೊಳ್ಳುವವರ ಮತ್ತು ಮಾರುವವರ ದಲ್ಲಾಳಿಗಳು ಒಂದೆಡೆ ನೆರೆದು ಬೆಲೆ ಕೂಗುತ್ತಿದ್ದ ಕಾಲವದು; ಮುಂಬಯಿಯಾದರೋ ದೂರ. ೧೯೯೪ರಲ್ಲಿ ರಾಷ್ಟ್ರೀಯ ಷೇರು ವಿನಿಮಯ ಕೇಂದ್ರವು ಗಣಕಯಂತ್ರದ ತೆರೆಯ ಮೇಲೆ, ಉಪಗ್ರಹದ ನೆರವಿನಿಂದ ವ್ಯಾಪಾರವನ್ನು ಆರಂಭಿಸಿತು. ಆಗ ಈ ದೂರವು ಅಳಿಯತೊಡಗಿತು. ಹುಬ್ಬಳ್ಳಿಯ ದಲ್ಲಾಳಿಗೂ ಮುಂಬಯಿಯ ದಲ್ಲಾಳಿಗೂ ಒಂದೇ ಬೆಲೆ ಕಾಣುವಂತಾಯಿತು. ಪ್ರಾದೇಶಿಕ ಕೇಂದ್ರಗಳು ವ್ಯಾಪಾರವಿಲ್ಲದೆ ಸೊರಗಿದವು; ೨೦೧೪ರಲ್ಲಿ ಬೆಂಗಳೂರಿನ ಕೇಂದ್ರವೂ ತನ್ನ ಕಾರ್ಯವನ್ನು ಮುಗಿಸಿತು.

ಹಾಗಾದರೆ ದೂರವು ನಿಜವಾಗಿಯೂ ಅಳಿದುಹೋಯಿತೆ? ಭೌತವಿಜ್ಞಾನವು ಅದಕ್ಕೆ ಎಡೆಗೊಡದು. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು ೨ ಲಕ್ಷ ಕಿಲೋಮೀಟರು ಚಲಿಸುತ್ತದೆ. ಎಂದರೆ, ಒಂದು ಕಿಲೋಮೀಟರನ್ನು ದಾಟಲು ಅದಕ್ಕೆ ೫ ಮೈಕ್ರೋಸೆಕೆಂಡು, ಅಂದರೆ ಸೆಕೆಂಡಿನ ಹತ್ತು ಲಕ್ಷ ಪಾಲುಗಳಲ್ಲಿ ಐದು ಪಾಲು, ಬೇಕು. ಇದು ಮನುಷ್ಯನಿಗೆ ಏನೂ ಅಲ್ಲ, ಯಂತ್ರಕ್ಕೆ ಬಹಳ. ಒಂದೇ ಬೆಲೆಗೆ ಇಬ್ಬರು ಕೇಳಿದರೆ ಮೊದಲು ಬಂದವನಿಗೇ ಷೇರು ಸಲ್ಲಬೇಕೆಂಬುದು ಪೇಟೆಯ ನಿಯಮ. ಆದುದರಿಂದ ದೊಡ್ಡ ಸಂಸ್ಥೆಗಳು ವಿನಿಮಯ ಕೇಂದ್ರದ ಆವರಣದಲ್ಲಿಯೇ ಬಾಡಿಗೆ ತೆತ್ತು ತಮ್ಮ ಗಣಕಯಂತ್ರಗಳನ್ನು ಇರಿಸುತ್ತವೆ. ಬೆಲೆ ಬದಲಾದ ವಾರ್ತೆಯನ್ನು ಅವು ಮೊದಲು ಅರಿಯುತ್ತವೆ. ಇತರರು ತಮ್ಮ ಹಳೆಯ ಬೆಲೆಯನ್ನು ಹಿಂದೆಗೆದುಕೊಳ್ಳುವ ಮುನ್ನವೇ ಆ ಬೆಲೆಗೆ ಕೊಂಡುಬಿಡುತ್ತವೆ. ಕಂಪನಿಯ ಏಳುಬೀಳುಗಳನ್ನು ಅಭ್ಯಸಿಸಿ ಗಳಿಸಿದ ಲಾಭವಲ್ಲ ಇದು. ತಂತಿಯ ಉದ್ದ ಕಡಿಮೆಯಾದುದರಿಂದ ದೊರೆತ ಲಾಭ.

ಅಮೆರಿಕದ ಐಇಎಕ್ಸ್ ಎಂಬ ಕೇಂದ್ರವು ಇದಕ್ಕೆ ಸ್ವಾರಸ್ಯವಾದ ಉಪಾಯವನ್ನು ಹೂಡಿತು. ಸುಮಾರು ೬೧ ಕಿಲೋಮೀಟರು ಉದ್ದದ ಗಾಜಿನ ಎಳೆಯನ್ನು ಸುರುಳಿ ಸುತ್ತಿ ಪೆಟ್ಟಿಗೆಯೊಂದರಲ್ಲಿಟ್ಟು, ಬರುವ ಕೋರಿಕೆಗಳೆಲ್ಲ ಅದರ ಮೂಲಕವೇ ಹಾಯುವಂತೆ ಮಾಡಿತು. ಇದರಿಂದ ಒಟ್ಟು ೩೫೦ ಮೈಕ್ರೋಸೆಕೆಂಡುಗಳ ವಿಳಂಬವಾಗುತ್ತದೆ. ಇತರ ಪೇಟೆಗಳಲ್ಲಿ ಬೆಲೆ ಬದಲಾದುದನ್ನು ಅರಿತು, ತನ್ನಲ್ಲಿ ಕಾದಿರುವವರ ಬೆಲೆಯನ್ನು ತಿದ್ದಲು ಕೇಂದ್ರಕ್ಕೆ ಅಷ್ಟು ಕಾಲ ಸಾಕು. ಪ್ರತಿಸ್ಪರ್ಧಿಗಳು ವಿರೋಧಿಸಿದರೂ ಅಲ್ಲಿನ ನಿಯಂತ್ರಣ ಆಯೋಗವು ೨೦೧೬ರಲ್ಲಿ ಅದಕ್ಕೆ ಷೇರು ವಿನಿಮಯ ಕೇಂದ್ರವೆಂದು ಮನ್ನಣೆಯಿತ್ತಿತು.

ನಮ್ಮಲ್ಲಿ ೨೦೧೮ರಲ್ಲಿ ಸೆಬಿಯು ಈ ಸೌಲಭ್ಯವು ಸಣ್ಣ ದಲ್ಲಾಳಿಗಳಿಗೂ ಹಂಚಿಕೆಯಾಗಿ ದೊರೆಯುವಂತೆ ನಿಯಮ ಮಾಡಿತು. ವಿಳಂಬದ ಅಳತೆಯನ್ನು ಪ್ರಕಟಿಸಬೇಕೆಂದೂ ಕೇಂದ್ರಗಳಿಗೆ ವಿಧಿಸಿತು. ಇವು ಒಳ್ಳೆಯ ಕ್ರಮಗಳೇ. ಆದರೆ ಓಟದಲ್ಲಿ ಸೇರಲು ಹೆಚ್ಚು ಜನರಿಗೆ ಎಡೆ ಸಿಕ್ಕಿತೇ ಹೊರತು ಓಟವು ನಿಲ್ಲಲಿಲ್ಲ.

ಅದನ್ನು ನಿಲ್ಲಿಸುವ ಬಗೆಯೊಂದುಂಟು. ಸ್ವಲ್ಪ ಕಾಲದವರೆಗೆ ಬಂದ ಕೋರಿಕೆಗಳನ್ನೆಲ್ಲ ಒಟ್ಟುಗೂಡಿಸಿ, ಅತ್ಯಧಿಕ ಷೇರುಗಳು ಕೈಬದಲಾಗುವ ಒಂದೇ ಬೆಲೆಗೆ ಎಲ್ಲರ ವ್ಯಾಪಾರವನ್ನೂ ತೀರಿಸುವುದು. ಇದು ನಮಗೆ ಹೊಸತಲ್ಲ. ೨೦೧೦ರ ಅಕ್ಟೋಬರಿನಿಂದ ಬೆಳಗಿನ ಆರಂಭದ ಬೆಲೆಯನ್ನು ನಿರ್ಣಯಿಸುವುದು ಈ ಕ್ರಮದಿಂದಲೇ. ಒಂದೊಂದು ಸೆಕೆಂಡಿಗೊಮ್ಮೆ ದಿನವಿಡೀ ಹೀಗೆ ನಡೆಸಿದರೆ ಮೈಕ್ರೋಸೆಕೆಂಡಿನ ಮೇಲುಗೈಗೆ ಬಹುಮಟ್ಟಿಗೆ ಬೆಲೆಯೇ ಉಳಿಯದು.

ವೇಗದಿಂದ ಉಪಕಾರವಾಗಿಲ್ಲವೆ ಎಂದು ಕೆಲವರು ಕೇಳುವರು. ಆಗಿದೆ. ಯಂತ್ರಗಳು ಬಂದ ಮೇಲೆ ಕೊಳ್ಳುವ ಬೆಲೆಗೂ ಮಾರುವ ಬೆಲೆಗೂ ನಡುವಿನ ಅಂತರವು ಕುಗ್ಗಿದೆ. ಆದರೆ ನಿಮಿಷದಿಂದ ಸೆಕೆಂಡಿಗೆ ಇಳಿದುದರಿಂದ ಜನರಿಗಾದ ಉಪಕಾರವು ಮೈಕ್ರೋಸೆಕೆಂಡಿಗೆ ಇಳಿದುದರಿಂದಲೂ ಆಗುವುದೆಂದು ನಾನು ನಂಬಲಾರೆ. ಕಾರ್ಖಾನೆಗಳಿಗೆ ಬಂಡವಾಳವೊದಗಿಸಲು, ಸಂಸಾರಸ್ಥನ ಉಳಿತಾಯಕ್ಕೆ ಫಲ ನೀಡಲು ಷೇರುಪೇಟೆ ಇದೆ. ಈ ಎರಡು ಕೆಲಸಗಳಿಗೂ ಒಂದು ಸೆಕೆಂಡು ಕಾದರೆ ನಷ್ಟವಿಲ್ಲ.

ಬೆಳಕಿನ ವೇಗವು ನಿಸರ್ಗದ ನಿಯಮ. ಅದನ್ನು ನಾವು ಬದಲಿಸಲಾರೆವು. ಮೊದಲು ಬಂದವನಿಗೇ ಮೊದಲು ಎಂಬುದು ಮನುಷ್ಯನು ಮಾಡಿದ ನಿಯಮ. ಅದನ್ನು ಬದಲಿಸಬಹುದು. ಇಂದು ಗಣಿತವನ್ನೂ ಭೌತವಿಜ್ಞಾನವನ್ನೂ ಓದುತ್ತಿರುವ ತರುಣರಲ್ಲಿ ಕೆಲವರಾದರೂ ಮುಂದೆ ಈ ಕೆಲಸಕ್ಕೆ ಕೈಹಾಕಲಿ.