ಡೀಸೆಲ್‌ಗೆ ಕೂಲರ್, ಡ್ರೈವರ್‌ಗೆ ಬೆವರು

ಲಾರಿಗೆ ಫ್ಯೂಯೆಲ್ ಕೂಲರ್ ಹಾಕಿಸಿ, ಮೈಲೇಜ್ ಏರುತ್ತದೆ ಅಂತ ಹೇಳುವ ಗ್ಯಾರೇಜುಗಳಿವೆ. ಅದನ್ನೇ ನಂಬಿ ಒಂದು ಕಂತಿನ ದುಡ್ಡನ್ನು ಅಲ್ಲಿ ಸುರಿಯುವ ಮಾಲೀಕರೂ ಇದ್ದಾರೆ. ಈ ಮಾತನ್ನು ನಾವು ಒಪ್ಪುವುದಿಲ್ಲ. ಯಾಕೆ ಅಂತ ಹೇಳುತ್ತೇವೆ, ಪೂರ್ತಿ ಓದಿ ಆಮೇಲೆ ಬೈಯಿರಿ.

ಮೊದಲು ಒಂದು ಮಾತು. ನೂರು ಗಾಡಿ ಇಟ್ಟುಕೊಂಡ ಕಂಪನಿಯವರ ಬಗ್ಗೆ ನಮಗೆ ಚಿಂತೆಯಿಲ್ಲ, ಅವರ ಹತ್ತಿರ ಲೆಕ್ಕ ಬರೆಯುವವರಿದ್ದಾರೆ. ಹೊಲ ಅಡ ಇಟ್ಟು ಒಂದೇ ಲಾರಿ ತಂದು, ತಾನೇ ಓಡಿಸುವವನ ಬಗ್ಗೆ ನಾವು ಬರೆಯುತ್ತಿದ್ದೇವೆ. 2025ರ ಏಪ್ರಿಲ್‌ನಲ್ಲಿ ರಾಜ್ಯ ಸರ್ಕಾರ ಡೀಸೆಲ್ ಮೇಲಿನ ತೆರಿಗೆ ಏರಿಸಿ ಲೀಟರಿಗೆ 2 ರೂಪಾಯಿ ಹೆಚ್ಚಾದಾಗ ಲಾರಿ ಮಾಲೀಕರು ಮುಷ್ಕರ ಹೂಡಿದ್ದು ನೆನಪಿರಬಹುದು. ಲೀಟರಿಗೆ 2 ರೂಪಾಯಿ ಅಂದರೆ ಅಷ್ಟು ದೊಡ್ಡದು. ಅಂಥವರ ಮುಂದೆ 'ಮೈಲೇಜ್' ಅನ್ನುವ ಶಬ್ದ ಆಡಿದರೆ ಸಾಕು, ಜೇಬು ತಾನೇ ಬಿಚ್ಚಿಕೊಳ್ಳುತ್ತದೆ.

ಈಗ ಕೂಲರ್ ಮಾಡುವುದೇನು ನೋಡೋಣ. ಟ್ಯಾಂಕಿನಿಂದ ಇಂಜಿನ್ ಕಡೆ ಹೋದ ಡೀಸೆಲ್ ಎಲ್ಲವೂ ಉರಿಯುವುದಿಲ್ಲ. ಒಂದು ಪಾಲು ರಿಟರ್ನ್ ಪೈಪಿನಲ್ಲಿ ವಾಪಸ್ ಟ್ಯಾಂಕಿಗೆ ಬರುತ್ತದೆ. ಈಗಿನ ಕಾಮನ್ ರೈಲ್ ಇಂಜಿನ್‌ಗಳಲ್ಲಿ ಪಂಪು ಡೀಸೆಲನ್ನು 1,600 ಬಾರ್, ಅದಕ್ಕೂ ಮೇಲಿನ ಒತ್ತಡಕ್ಕೆ ಒತ್ತುತ್ತದೆ. ಲಾರಿ ಟೈರಿನ ಗಾಳಿ 8 ಬಾರ್ ಆಸುಪಾಸು ಇರುತ್ತದೆ, ಹೋಲಿಸಿ ನೋಡಿ. ಹಾಗೆ ಹಿಂಡಿಸಿಕೊಂಡು, ಬಿಸಿ ಇಂಜಿನ್ ಪಕ್ಕದಲ್ಲೇ ಹಾದು ಬಂದ ಡೀಸೆಲ್ ಕಾದಿರುತ್ತದೆ. ಟ್ಯಾಂಕ್ ತುಂಬಿದ್ದರೆ ಆ ಬಿಸಿ ಹಂಚಿ ಹೋಗುತ್ತದೆ, ಟ್ಯಾಂಕಿನ ಮೈ ಮೇಲೆ ಬೀಸುವ ಗಾಳಿಯೂ ಅದನ್ನು ತಣಿಸುತ್ತದೆ. ಟ್ಯಾಂಕ್ ತಳ ಕಂಡಿದ್ದು, ಬಳ್ಳಾರಿ ರಾಯಚೂರಿನ ಏಪ್ರಿಲ್ ಬಿಸಿಲಿದ್ದು, ಅಥವಾ ಫುಲ್ ಲೋಡಿನಲ್ಲಿ ಶಿರಾಡಿಯನ್ನೋ ಅರಬೈಲನ್ನೋ ಸಣ್ಣ ಗೇರಿನಲ್ಲಿ ಹತ್ತುತ್ತಿದ್ದರೆ ಅದೇ ಸ್ವಲ್ಪ ಡೀಸೆಲ್ ಮತ್ತೆ ಮತ್ತೆ ಸುತ್ತಿ ಇನ್ನೂ ಕಾಯುತ್ತದೆ. ರಿಟರ್ನ್ ಪೈಪಿನ ನಡುವೆ ರೇಡಿಯೇಟರ್ ತರಹದ ಸಣ್ಣ ಜಾಲರಿ ಕೂರಿಸಿ ಇದನ್ನು ತಣ್ಣಗೆ ಮಾಡುವುದೇ ಕೂಲರ್ ಕೆಲಸ.

ಇಲ್ಲಿಯವರೆಗೆ ಸುಳ್ಳಿಲ್ಲ. ತುಂಬಾ ಕಾದ ಡೀಸೆಲ್ ತೆಳುವಾಗುತ್ತದೆ. ಪಂಪಿಗೂ ನಾಜಲ್‌ಗೂ ಡೀಸೆಲ್ಲೇ ಆಯಿಲ್ ಇದ್ದಂತೆ, ತೆಳುವಾದರೆ ಸವೆತ ಹೆಚ್ಚು. ಅದಕ್ಕೇ ಕೆಲವು ಇಂಜಿನ್‌ಗಳಿಗೆ ತಯಾರಿಸಿದ ಕಂಪನಿಯೇ ಕೂಲರ್ ಕೊಟ್ಟಿರುತ್ತದೆ. ನಮ್ಮ ಜಗಳ ಆ ವಸ್ತುವಿನ ಮೇಲಲ್ಲ, ಮೈಲೇಜ್ ಅನ್ನುವ ಮಾತಿನ ಮೇಲೆ.

ಲೆಕ್ಕ ಹಾಕಿ. ಡೀಸೆಲ್ ಒಂದು ಡಿಗ್ರಿ ಬಿಸಿಯಾದರೆ ಅದರ ಗಾತ್ರ ಸುಮಾರು ಶೇ. 0.08ರಷ್ಟು ಹಿಗ್ಗುತ್ತದೆ. 15 ಡಿಗ್ರಿ ಬಿಸಿಯಾದರೆ ಶೇ. 1.2. ಅಂದರೆ 100 ಲೀಟರ್ ಇದ್ದದ್ದು 101 ಲೀಟರ್ ಚಿಲ್ಲರೆ ಆಗುತ್ತದೆ. ತೂಕ ಮಾತ್ರ ಅಷ್ಟೇ. ಗಾಡಿ ಓಡಿಸುವ ಶಕ್ತಿ ಇರುವುದು ತೂಕದಲ್ಲಿ, ಗಾತ್ರದಲ್ಲಿ ಅಲ್ಲ. ಬಂಕಿನಲ್ಲಿ ಎಷ್ಟು ಕಿಲೋ ಡೀಸೆಲ್ ಟ್ಯಾಂಕಿಗೆ ಬಿತ್ತೋ ಅಷ್ಟೇ ಕಿಲೋ ನಿಮ್ಮದು. ಟ್ಯಾಂಕಿನಲ್ಲಿ ಅದನ್ನು ಕಾಯಿಸಿದರೂ ತಣಿಸಿದರೂ ಒಂದು ಗ್ರಾಂ ಹೆಚ್ಚಾಗುವುದಿಲ್ಲ. ಕಾದ ಡೀಸೆಲ್‌ನಿಂದ ಏರಿನಲ್ಲಿ ಎಳೆತ ಒಂಚೂರು ಕಡಿಮೆ ಅನ್ನಿಸಬಹುದು, ಯಾಕೆಂದರೆ ನಾಜಲ್ ಒಮ್ಮೆಗೆ ಬಿಡುವ ಡೀಸೆಲ್‌ನ ತೂಕ ಅಷ್ಟರಮಟ್ಟಿಗೆ ಕಡಿಮೆ. ಎಳೆತ ಬೇರೆ, ಮೈಲೇಜ್ ಬೇರೆ. ಹೊಸ ಇಂಜಿನ್‌ಗಳಲ್ಲಿ ಡೀಸೆಲ್ ಬಿಸಿ ಅಳೆಯುವ ಸೆನ್ಸರ್ ಇದ್ದು, ಕಂಪ್ಯೂಟರೇ ಅದನ್ನು ಸರಿದೂಗಿಸುತ್ತದೆ. ಇಷ್ಟರ ಮೇಲೂ ಯಾರಾದರೂ ಶೇ. 10 ಮೈಲೇಜ್ ಅಂದರೆ, ಅದು ಎಲ್ಲಿಂದ ಬಂತು ಅಂತ ಕೇಳಿ.

ನಮಗೆ ಇದಕ್ಕಿಂತ ದೊಡ್ಡ ಭಯ ಬೇರೆಯದು. ನಾಜಲ್ ಸವೆದ ಗಾಡಿಯಲ್ಲಿ ರಿಟರ್ನ್ ಡೀಸೆಲ್ ಹೆಚ್ಚು ಬರುತ್ತದೆ, ಹೆಚ್ಚು ಬಿಸಿಯಾಗಿಯೂ ಬರುತ್ತದೆ. ಟ್ಯಾಂಕ್ ಮುಟ್ಟಿದರೆ ಸುಡುತ್ತದೆ ಅಂತ ಮಾಲೀಕ ಬಂದರೆ, ಒಳ್ಳೆಯ ಮಿಸ್ತ್ರಿ ಮೊದಲು ರಿಟರ್ನ್ ಎಷ್ಟು ಅಂತ ಅಳೆಯುತ್ತಾನೆ. ದುಡ್ಡಿನ ಮಿಸ್ತ್ರಿ ಕೂಲರ್ ಕಟ್ಟಿ ಕಳಿಸುತ್ತಾನೆ. ಬಿಸಿ ಇಳಿಯಿತು, ರೋಗ ಒಳಗೇ ಉಳಿಯಿತು. ಜ್ವರ ಬಂದವನಿಗೆ ಒದ್ದೆ ಬಟ್ಟೆ ಹಾಕಿ ಹೊಲಕ್ಕೆ ಕಳಿಸಿದ ಹಾಗೆ.

ಜೋಡಿಸುವುದು ಕೆಟ್ಟರೆ ಇನ್ನೂ ಕಷ್ಟ. ಸಣ್ಣ ಪೈಪಿನ ಕೂಲರ್ ಹಾಕಿದರೆ ರಿಟರ್ನ್ ಕಟ್ಟಿಕೊಂಡಂತಾಗಿ ನಾಜಲ್ ಕೆಲಸವೇ ಕೆಡುತ್ತದೆ. ರಿಟರ್ನ್ ಬಿಟ್ಟು ಪಂಪಿಗೆ ಹೋಗುವ ಪೈಪಿಗೆ ಹಾಕಿ, ಜಾಯಿಂಟ್ ಸಡಿಲವಾದರೆ ಗಾಳಿ ಎಳೆದುಕೊಂಡು ಗಾಡಿ ಬೆಳಿಗ್ಗೆ ಸ್ಟಾರ್ಟೇ ಆಗುವುದಿಲ್ಲ. ಕ್ಲಿಪ್ ಬಿಚ್ಚಿ ಡೀಸೆಲ್ ಸೈಲೆನ್ಸರ್ ಪೈಪಿನ ಮೇಲೆ ಬಿದ್ದರೆ ಬೆಂಕಿ. ಹೊಸ ಗಾಡಿಯಾದರೆ ವಾರಂಟಿ ಕೇಳಲು ಹೋದಾಗ ಕಂಪನಿಯವರು ಮೊದಲು ತೋರಿಸುವುದೇ ಹೊರಗಿನಿಂದ ಕೂರಿಸಿದ ಆ ಡಬ್ಬಿಯನ್ನು.

ಬಿಸಿಯ ಮಾತು ಬಂತಲ್ಲ, ಈಗ ಕ್ಯಾಬಿನ್ ಒಳಗೆ ಬನ್ನಿ. ನಮ್ಮ ಲಾರಿಗಳಲ್ಲಿ ಕ್ಯಾಬಿನ್ ಕೂತಿರುವುದೇ ಇಂಜಿನ್ ಮೇಲೆ. ಡ್ರೈವರ್ ಕಾಲ ಪಕ್ಕದಲ್ಲೇ ಇಂಜಿನ್ ಮುಚ್ಚಳ. ಹೊರಗೆ 42 ಡಿಗ್ರಿ ಬಿಸಿಲು, ಒಳಗೆ ಅದಕ್ಕಿಂತ ಹೆಚ್ಚು, ಕಿಟಕಿ ತೆಗೆದರೆ ಬರುವುದು ಅದಿರಿನ ಕೆಂಧೂಳು. ಡೀಸೆಲ್ ಬಿಸಿಯಾದರೆ ಓಡಿ ಬರುವ ನಾವು ಇವನು ಬೆಂದರೆ ಸುಮ್ಮನಿರುತ್ತೇವೆ. ಮಾಲೀಕನೇ ಡ್ರೈವರ್ ಆದಾಗಲೂ ಅಷ್ಟೇ, ತನ್ನ ಮೈಗೆ ಖರ್ಚು ಮಾಡುವುದು ದಂಡ ಅನ್ನಿಸುತ್ತದೆ ಅವನಿಗೆ.

ಕೇಂದ್ರ ಸಾರಿಗೆ ಸಚಿವಾಲಯ 2023ರ ಡಿಸೆಂಬರ್‌ನಲ್ಲಿ ಒಂದು ಅಧಿಸೂಚನೆ ಹೊರಡಿಸಿತು. ಹೊಸದಾಗಿ ತಯಾರಾಗುವ, ಒಟ್ಟು ತೂಕ 3.5 ಟನ್ ಮೀರಿದ ಸರಕು ಗಾಡಿಗಳ ಕ್ಯಾಬಿನ್‌ಗೆ ಎ.ಸಿ. ಕಡ್ಡಾಯ. ಒಳ್ಳೆಯದೇ. ಆದರೆ ಅದು ಹೊಸ ಗಾಡಿಗೆ. ನಮ್ಮೂರಿನವರು ಕೊಳ್ಳುವುದು ಸೆಕೆಂಡ್ ಹ್ಯಾಂಡ್, ಥರ್ಡ್ ಹ್ಯಾಂಡ್ ಗಾಡಿ. ಎ.ಸಿ. ಅವರ ಹತ್ತಿರ ಬರಲು ಇನ್ನೂ ಹತ್ತು ವರ್ಷ ಬೇಕು. ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ 1961ರಲ್ಲೇ ಬಂತು, ದಿನಕ್ಕೆ 8 ಗಂಟೆ ಕೆಲಸ ಅಂದಿತ್ತು. ಎಷ್ಟು ಲಾರಿಯಲ್ಲಿ 8 ಗಂಟೆಗೆ ಸ್ಟೇರಿಂಗ್ ಬಿಡುತ್ತಾರೆ, ನೀವೇ ಹೇಳಿ.

ಹಾಗಾಗಿ ಕೂಲರ್‌ಗೆ ಅಂತ ಎತ್ತಿಟ್ಟ ದುಡ್ಡಿದ್ದರೆ ನಾವು ಹೇಳುವುದು ಇಷ್ಟು: ಇಂಜಿನ್ ಮುಚ್ಚಳದ ಕೆಳಗೆ ಶಾಖ ತಡೆಯುವ ಮ್ಯಾಟ್ ಹಾಕಿಸಿ, ಮುಚ್ಚಳದ ಹರಿದ ರಬ್ಬರ್ ಬದಲಿಸಿ, ಎರಡು ಒಳ್ಳೆಯ ಫ್ಯಾನ್ ಕೂರಿಸಿ. ಬೇಸಿಗೆಯಲ್ಲಿ ಟ್ಯಾಂಕ್ ಅರ್ಧಕ್ಕಿಂತ ಕೆಳಗೆ ಇಳಿಯಲು ಬಿಡಬೇಡಿ, ಇದಕ್ಕೆ ಖರ್ಚೇ ಇಲ್ಲ. ಡೀಸೆಲ್ ಫಿಲ್ಟರ್ ಹೊತ್ತಿಗೆ ಬದಲಿಸಿ, ನೀರು ಬಸಿಯಿರಿ. ಮೈಲೇಜ್ ಬಿದ್ದಿದೆ ಅನ್ನಿಸಿದರೆ ಟೈರ್ ಗಾಳಿ, ಏರ್ ಫಿಲ್ಟರ್, ನಾಜಲ್ ನೋಡಿಸಿ. ಬಂಕಿನ ಮೇಲೆ ಅನುಮಾನವಿದ್ದರೆ 5 ಲೀಟರ್ ಅಳತೆ ಪಾತ್ರೆ ತರಿಸಿ ಅಳೆಯಿಸಿ, ಡೆನ್ಸಿಟಿ ತೋರಿಸಿ ಅನ್ನಿ. ಅದು ಗಿರಾಕಿಯ ಹಕ್ಕು, ಬೇಡುವುದಲ್ಲ.

ಇಂಜಿನ್ ತಯಾರಕರೇ ನಿಮ್ಮ ಗಾಡಿಗೆ ಕೂಲರ್ ಬೇಕು ಅಂದಿದ್ದರೆ, ಅವರದೇ ಪಾರ್ಟ್ ಅನ್ನು ಅವರದೇ ಸರ್ವಿಸ್ ಸೆಂಟರ್‌ನಲ್ಲಿ ಹಾಕಿಸಿ. ಅದಕ್ಕೆ ನಮ್ಮ ತಕರಾರಿಲ್ಲ.

ಗ್ಯಾರೇಜಿನವರಿಗೆ ನಾವು ಬರೆದದ್ದು ತಪ್ಪು ಅನ್ನಿಸಿದರೆ ಸಾಬೀತು ಮಾಡಲಿ. ಒಂದೇ ಗಾಡಿ, ಒಂದೇ ಡ್ರೈವರ್, ಒಂದೇ ರೂಟು, ವೇ ಬ್ರಿಡ್ಜ್ ಚೀಟಿ ಸಮೇತ ಒಂದೇ ಲೋಡು. ಕೂಲರ್ ಇಲ್ಲದೆ ಹತ್ತು ಟ್ರಿಪ್, ಹಾಕಿ ಹತ್ತು ಟ್ರಿಪ್. ಪ್ರತಿ ಸಲವೂ ಅದೇ ಬಂಕಿನಲ್ಲಿ ಟ್ಯಾಂಕ್ ಫುಲ್ ಮಾಡಿಸಿದ ಬಿಲ್. ಆ ಲೆಕ್ಕ ತಂದರೆ ಒಂದಂಕಿಯೂ ಬಿಡದೆ ಇದೇ ಜಾಗದಲ್ಲಿ ಹಾಕುತ್ತೇವೆ.