ಪ್ರಶ್ನೆ ಕೇಳುವವರು ಪೀಠವೇರಿದಾಗ

ಚಿಗಟೇರಿಯ ಜನಕ್ಕೆ ನಾರದಮುನಿ ಪುರಾಣದ ಪಾತ್ರವಷ್ಟೇ ಅಲ್ಲ, ಊರ ದೈವ. ಉಳಿದೆಡೆ ಕಲಹಪ್ರಿಯನೆಂದು ನಗೆಗೀಡಾಗುವ ಈ ದೇವರ್ಷಿಗೆ ನಮ್ಮಲ್ಲಿ ಗುಡಿಯುಂಟು, ನಡೆದುಕೊಳ್ಳುವ ಭಕ್ತರುಂಟು. ಭಾರತದ ಸಭಾಪರ್ವವನ್ನು ಬಲ್ಲವರಿಗೆ ಇದು ಅಚ್ಚರಿಯೆನಿಸದು. ಧರ್ಮರಾಯನ ಹೊಸ ಸಭೆಗೆ ಬಂದ ನಾರದನು ಹೊಗಳಿ ಹೊರಡುವವನಲ್ಲ. ಬೇಸಾಯಗಾರರು ಸುಖವಾಗಿರುವರೆ, ಕೆರೆಗಳು ತುಂಬಿವೆಯೆ, ಸೈನಿಕರಿಗೆ ಸಕಾಲದಲ್ಲಿ ಸಂಬಳ ಸಲ್ಲುತ್ತಿದೆಯೆ ಎಂದು ಒಂದರ ಮೇಲೊಂದು ಪ್ರಶ್ನೆಯನ್ನು ಕೇಳುತ್ತಾನೆ. ಲೋಕದಿಂದ ಲೋಕಕ್ಕೆ ವಾರ್ತೆಯನ್ನು ಒಯ್ಯುವುದು, ಅಧಿಕಾರದಲ್ಲಿರುವವರನ್ನು ಕೇಳಬೇಕಾದುದನ್ನು ಕೇಳುವುದು: ಇವೆರಡೂ ಕೂಡಿದರೆ ಪತ್ರಿಕಾ ಸಂಪಾದಕನ ಧರ್ಮವಾಗುತ್ತದೆ.

ಆದರೆ ಪ್ರಶ್ನೆ ಕೇಳುವವನೇ ಸಿಂಹಾಸನವೇರಿದರೆ ಏನಾದೀತು? ಪುರಾಣದಲ್ಲಿ ಇದಕ್ಕೆ ಉತ್ತರವಿಲ್ಲ. ನಮ್ಮ ನಾಡಿನ ಇತ್ತೀಚಿನ ಇತಿಹಾಸದಲ್ಲಿ ಒಂದು ನಿದರ್ಶನವುಂಟು. ಅದು ವಿಜ್ಞಾನಿ ಪಿ. ಬಲರಾಂ ಅವರ ವೃತ್ತಿಜೀವನ.

1949ರಲ್ಲಿ ಜನಿಸಿದ ಬಲರಾಂ ಪುಣೆಯ ಫರ್ಗ್ಯೂಸನ್ ಕಾಲೇಜಿನಲ್ಲಿಯೂ ಕಾನ್ಪುರದ ಐ.ಐ.ಟಿ.ಯಲ್ಲಿಯೂ ಓದಿ, ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು. ಹಾರ್ವರ್ಡಿನಲ್ಲಿ ಪ್ರಸಿದ್ಧ ರಸಾಯನವಿಜ್ಞಾನಿ ವುಡ್‌ವರ್ಡ್ ಅವರ ಬಳಿ ಕೆಲಸ ಮಾಡಿ, 1973ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಜಿ. ಎನ್. ರಾಮಚಂದ್ರನ್ ಅಲ್ಲಿ ಕಟ್ಟಿದ್ದ ಅಣುಜೀವಭೌತ ವಿಭಾಗವೇ ಅವರ ಕರ್ಮಭೂಮಿಯಾಯಿತು.

ಅವರ ಸಂಶೋಧನೆಯ ವಸ್ತುವನ್ನು ಸಾಹಿತ್ಯದ ವಿದ್ಯಾರ್ಥಿಯೂ ತಿಳಿಯಬಹುದು. ಜೀವಕೋಶದ ಪ್ರೋಟೀನು ಅಮೈನೋ ಆಮ್ಲಗಳನ್ನು ಪೋಣಿಸಿದ ಮಾಲೆ. ಆ ಮಾಲೆ ನೆಟ್ಟಗಿರುವುದಿಲ್ಲ. ಮಡಿಚಿ, ಸುರುಳಿಗೊಂಡು ತನಗೊಂದು ಆಕಾರವನ್ನು ಪಡೆಯುತ್ತದೆ. ಆಕಾರವಿದ್ದರೆ ಕೆಲಸ, ಆಕಾರ ಕೆಟ್ಟರೆ ಕೆಲಸವೂ ಕೆಟ್ಟಿತು. ಪೆಪ್ಟೈಡುಗಳೆಂಬ ಕಿರುಮಾಲೆಗಳನ್ನು ಹಿಡಿದು, ಇಂಥ ಮಡಿಕೆಗಳನ್ನು ನಾವೇ ರೂಪಿಸಬಹುದೆ ಎಂಬುದು ಬಲರಾಂ ಅವರ ಪ್ರಶ್ನೆಯಾಗಿತ್ತು. ಸಾಮಾನ್ಯ ಪ್ರೋಟೀನುಗಳಲ್ಲಿ ದೊರೆಯದ, ಆದರೆ ಕೆಲವು ಶಿಲೀಂಧ್ರಗಳಲ್ಲಿ ಕಾಣುವ ಒಂದು ಅಮೈನೋ ಆಮ್ಲವನ್ನು ಸೇರಿಸಿದರೆ ಮಾಲೆಯ ಸ್ವೇಚ್ಛೆ ತಗ್ಗಿ ಅದು ಸುರುಳಿಯತ್ತ ತಿರುಗುತ್ತದೆಂಬುದನ್ನು ಅವರ ತಂಡ ನಾನಾ ಬಗೆಯಿಂದ ತೋರಿಸಿತು. ಷಟ್ಪದಿಯ ಪಾದದಲ್ಲಿ ಒಂದು ಗಣ ನಿಯತವಾದೊಡನೆ ಇಡೀ ಪಾದದ ನಡೆ ಬದಲಾಗುವುದನ್ನು ಕಂಡವರಿಗೆ ಇದರ ಸೊಗಸು ಅರಿವಾಗದಿರದು. ಈ ಕಾರ್ಯಕ್ಕಾಗಿ 1986ರಲ್ಲಿ ಅವರಿಗೆ ಭಟ್ನಾಗರ್ ಪ್ರಶಸ್ತಿ ಸಂದಿತು.

1995ರಲ್ಲಿ ಅವರು ‘ಕರೆಂಟ್ ಸೈನ್ಸ್’ ಪತ್ರಿಕೆಯ ಸಂಪಾದಕತ್ವವನ್ನು ವಹಿಸಿಕೊಂಡರು. 1932ರ ಜುಲೈಯಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಪತ್ರಿಕೆಯಿದು. ಮೊದಲ ಸಂಪಾದಕರು ಸೆಂಟ್ರಲ್ ಕಾಲೇಜಿನ ಪ್ರಾಣಿವಿಜ್ಞಾನದ ಪ್ರಾಧ್ಯಾಪಕ ಸಿ. ಆರ್. ನಾರಾಯಣರಾಯರು. ಕಪ್ಪೆಗಳ ಅಧ್ಯಯನದಲ್ಲಿ ಅವರ ಕೊಡುಗೆ ಎಂಥದೆಂದರೆ, 2010ರಲ್ಲಿ ಒಂದು ಕಪ್ಪೆಯ ಕುಲಕ್ಕೇ ರಾಯರ ಹೆಸರನ್ನಿಟ್ಟರು. ಅದೇ ಕಾಲೇಜಿನಲ್ಲಿ ಭೌತವಿಜ್ಞಾನವನ್ನು ಬೋಧಿಸುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ಕನ್ನಡದಲ್ಲಿ ‘ವಿಜ್ಞಾನ’ ಎಂಬ ಮಾಸಪತ್ರಿಕೆಯನ್ನು ನಡೆಸಿದರು. ಪಂಪಭಾರತವನ್ನು ಸಂಪಾದಿಸಿದವರೂ ಅವರೇ. ಪ್ರಯೋಗಶಾಲೆಗೂ ಸಂಪಾದಕನ ಮೇಜಿಗೂ ನಡುವಣ ದಾರಿ ನಮ್ಮಲ್ಲಿ ಹೊಸದಲ್ಲ.

ಬಲರಾಂ ಸುಮಾರು ಹದಿನೆಂಟು ವರ್ಷ, 2013ರವರೆಗೆ, ಆ ಮೇಜಿನ ಮುಂದೆ ಕುಳಿತರು. ಪಾಕ್ಷಿಕ ಪತ್ರಿಕೆಗೆ ಅವರು ಬರೆಯುತ್ತ ಬಂದ ಸಂಪಾದಕೀಯಗಳಲ್ಲಿ ವಿಜ್ಞಾನದ ಚರಿತ್ರೆಯಿತ್ತು, ಕೃತಿಚೌರ್ಯದ ಚರ್ಚೆಯಿತ್ತು, ವಿಶ್ವವಿದ್ಯಾಲಯಗಳ ಅವನತಿಯ ಚಿಂತೆಯಿತ್ತು. ಮತ್ತೆ ಮತ್ತೆ ಮರಳಿ ಬಂದ ವಿಷಯ ಒಂದು: ವಿದ್ವತ್ತನ್ನು ಅಂಕಿಯಿಂದ ಅಳೆಯುವ ಗೀಳು. ಒಂದು ಪತ್ರಿಕೆಯ ಲೇಖನಗಳನ್ನು ಇತರರು ಸರಾಸರಿ ಎಷ್ಟು ಸಲ ಉಲ್ಲೇಖಿಸಿದರೆಂಬ ಲೆಕ್ಕಕ್ಕೆ ಪ್ರಭಾವಾಂಕವೆಂದು ಹೆಸರು. ಪತ್ರಿಕೆಗೆ ಸೇರಿದ ಈ ಅಂಕಿಯನ್ನು ವ್ಯಕ್ತಿಯ ಯೋಗ್ಯತೆಯೆಂದು ಭಾವಿಸುವುದು, ಗ್ರಂಥಾಲಯದ ಸದಸ್ಯತ್ವವನ್ನೇ ಪಾಂಡಿತ್ಯವೆಂದು ಬಗೆದಂತೆ.

2005ರಲ್ಲಿ ಅವರು ತಮ್ಮ ಸಂಸ್ಥೆಗೇ ನಿರ್ದೇಶಕರಾದರು. 2014ರವರೆಗೆ ಆ ಪೀಠದಲ್ಲಿದ್ದರು. ಅದರಲ್ಲಿ ಎಂಟು ವರ್ಷ ಸಂಪಾದಕರೂ ಆಗಿದ್ದರು. ಕೇಳುವವರೂ ಅವರೇ, ಉತ್ತರ ಹೇಳಬೇಕಾದವರೂ ಅವರೇ. ಪಿ.ಯು.ಸಿ. ಮುಗಿಸಿದ ಮಕ್ಕಳಿಗೆ 2011ರಲ್ಲಿ ವಿಜ್ಞಾನದ ನಾಲ್ಕು ವರ್ಷದ ಪದವಿಯನ್ನು ತೆರೆದದ್ದು ಅವರ ಕಾಲದ ದೊಡ್ಡ ಹೆಜ್ಜೆ. ನಮಗೆ ಇನ್ನೂ ಹತ್ತಿರವಾದದ್ದು ಚಳ್ಳಕೆರೆಯ ಕುದಾಪುರದಲ್ಲಿ ಸಂಸ್ಥೆಗೆ ದೊರೆತ ಸುಮಾರು 1500 ಎಕರೆ ನೆಲ. ಅಲ್ಲಿ ಹಳ್ಳಿಗಾಡಿನ ವಿಜ್ಞಾನ ಶಿಕ್ಷಕರಿಗೆ ತರಬೇತಿ ನಡೆಯುತ್ತಿದೆ. ಇದು ಸಂತೋಷದ ಸಂಗತಿ. ಆದರೆ ಆ ನೆಲ ಅಮೃತಮಹಲ್ ಕಾವಲು. ಕುರಿ ಮೇಯಿಸಿ, ಕಂಬಳಿ ನೇಯ್ದು ಬದುಕುವವರಿಗೆ ತಲೆಮಾರುಗಳಿಂದ ಆಧಾರವಾದ ಹುಲ್ಲುಗಾವಲು. ಇತರ ಸಂಸ್ಥೆಗಳಿಗೂ ಅಲ್ಲಿ ಸಾವಿರಾರು ಎಕರೆ ಮಂಜೂರಾಗಿ, ಹಳ್ಳಿಗರ ದೂರು ಹಸಿರು ನ್ಯಾಯಪೀಠದವರೆಗೆ ಹೋಯಿತು. ನೆಲವನ್ನು ಕೊಟ್ಟದ್ದು ಸರ್ಕಾರ. ಆದರೂ ಪಡೆದವರು ಮೇವಿನ ಪ್ರಶ್ನೆಯಿಂದ ಜಾರಿಕೊಳ್ಳುವಂತಿಲ್ಲ. ಪೀಠವೆಂದರೆ ಹೀಗೆಯೇ: ಒಂದು ಬಾಗಿಲು ತೆರೆದಾಗ ಇನ್ನೊಬ್ಬರ ಬೇಲಿ ಎಲ್ಲಿ ಬಿತ್ತೆಂದು ನೋಡಬೇಕಾದ ಜಾಗ. ಬಲರಾಂ ಅವರನ್ನು ಮೆಚ್ಚುವವರು ಇದನ್ನೂ ನೆನೆಯುವುದು ಅವರ ಸಂಪಾದಕೀಯಗಳ ಮನೋಧರ್ಮಕ್ಕೆ ತಕ್ಕದ್ದೇ.

ಅಂಕಿಯ ಗೀಳಿನ ಬಗ್ಗೆ ಅವರು ಎತ್ತಿದ ಎಚ್ಚರಿಕೆ ನಮ್ಮ ಸಣ್ಣ ಊರುಗಳ ಕಾಲೇಜುಗಳಿಗೆ ಸೇರಿದ್ದಲ್ಲವೆಂದು ಯಾರೂ ತಿಳಿಯಬೇಕಿಲ್ಲ. 2010ರಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗವು ಅಧ್ಯಾಪಕರ ನೇಮಕ, ಬಡ್ತಿಗಳಿಗೆ ಅಂಕಗಳ ಪದ್ಧತಿಯನ್ನು ತಂದಿತು. ಅಂಕ ಬೇಕೆಂದರೆ ಲೇಖನ ಬೇಕು; ಲೇಖನ ಬೇಕೆಂದರೆ ಪತ್ರಿಕೆ ಬೇಕು; ಪತ್ರಿಕೆಗಳು ಮಳೆಗಾಲದ ಅಣಬೆಗಳಂತೆ ಎದ್ದವು. ತಾನು ಒಪ್ಪಿದ ಪಟ್ಟಿಯಿಂದಲೇ ಆಯೋಗವು 2018ರ ಮೇ ತಿಂಗಳಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಪತ್ರಿಕೆಗಳನ್ನು ತೆಗೆದುಹಾಕಬೇಕಾಯಿತು.

ಈ ಲೇಖಕನೂ ಆ ಪಂಕ್ತಿಯಲ್ಲಿ ಕುಳಿತು ಉಂಡವನೇ. ಹಲವು ವರ್ಷಗಳ ಹಿಂದೆ ಹಳಗನ್ನಡ ಕಾವ್ಯವೊಂದನ್ನು ಕುರಿತ ಲೇಖನವನ್ನು ಒಂದು ಪತ್ರಿಕೆಗೆ ಕಳುಹಿಸಿದೆ. ಮೂರೇ ದಿನದಲ್ಲಿ ತಜ್ಞರ ಒಪ್ಪಿಗೆ ಬಂದಿತು, ಜೊತೆಗೆ ಹಣ ಕಟ್ಟುವ ಸೂಚನೆಯೂ ಬಂದಿತು. ಅಚ್ಚಾದ ಮೇಲೆ ನೋಡಿದರೆ, ನಾಲ್ಕನೆಯ ಪುಟವನ್ನು ನಾನು ಕಳುಹಿಸಿಯೇ ಇರಲಿಲ್ಲ. ಮೂರನೆಯ ಪುಟದ ಅರ್ಧ ವಾಕ್ಯ ಐದನೆಯ ಪುಟದ ಅರ್ಧ ವಾಕ್ಯಕ್ಕೆ ನೇರವಾಗಿ ಅಂಟಿಕೊಂಡಿತ್ತು. ತಜ್ಞರು ಗಮನಿಸಲಿಲ್ಲ, ಮುಂದೆ ನನಗೆ ಅಂಕ ಕೊಟ್ಟ ಸಮಿತಿಯೂ ಗಮನಿಸಲಿಲ್ಲ. ಅಂಕಗಳು ಪೂರ್ತಿಯಾಗಿಯೇ ಬಂದವು. ಆ ದಿನ ಆದ ನಾಚಿಕೆ ಇಂದಿಗೂ ಹೋಗಿಲ್ಲ.

ಆದುದರಿಂದ ಒಂದು ಸಲಹೆ. ಬಡ್ತಿಯ ಸಮಿತಿಗೆ ಅಧ್ಯಾಪಕರು ಹತ್ತು ಲೇಖನಗಳ ಪಟ್ಟಿಯನ್ನು ಕೊಡುವುದು ಬೇಡ. ತಮಗೆ ಒಳ್ಳೆಯದೆನಿಸಿದ ಒಂದೇ ಲೇಖನವನ್ನು ಕೊಡಲಿ. ಸಮಿತಿಯವರು ಅದನ್ನು ಮೊದಲಿನಿಂದ ಕೊನೆಯವರೆಗೆ ಓದಿ, ಲೇಖಕರನ್ನು ಎದುರಿಗೆ ಕೂರಿಸಿಕೊಂಡು ಅರ್ಧ ಗಂಟೆ ಮಾತನಾಡಲಿ. ಇದಕ್ಕೆ ಹೆಚ್ಚಿನ ಹಣ ಬೇಡ. ಓದುವ ಮನಸ್ಸು ಬೇಕು. ಓದುವುದು ಕಷ್ಟವೆಂದೇ ಎಣಿಸುವುದು ಬಳಕೆಗೆ ಬಂದಿತೆಂಬುದನ್ನು ಮರೆಯದಿರೋಣ.

ಬಲರಾಂ ಅವರ ವೃತ್ತಿಜೀವನದಿಂದ ತರುಣ ಅಧ್ಯಾಪಕರು ಕಲಿಯಬೇಕಾದದ್ದು ಅವರು ಏರಿದ ಪೀಠಗಳ ಎತ್ತರವನ್ನಲ್ಲ. ಪ್ರಯೋಗಶಾಲೆ, ಆಡಳಿತ ಎರಡರ ಹೊರೆಯ ನಡುವೆಯೂ ಇತರರು ಬರೆದದ್ದನ್ನು ಓದುವ ಹೊಣೆಯನ್ನು ಅವರು ಹದಿನೆಂಟು ವರ್ಷ ಕೆಳಗಿಳಿಸಲಿಲ್ಲವೆಂಬುದನ್ನು. ನಮ್ಮೂರ ಮುನಿ ಇಂದು ಯಾವುದಾದರೂ ಕಾಲೇಜಿನ ಸಮಿತಿಯ ಕೋಣೆಗೆ ಬಂದರೆ ಬಹಳ ಪ್ರಶ್ನೆಗಳನ್ನು ಕೇಳಲಾರನು. ಮೇಜಿನ ಮೇಲಿನ ಕಡತವನ್ನು ತೋರಿಸಿ, ಇದನ್ನು ಓದಿದಿರಾ ಎಂದು ಒಂದನ್ನೇ ಕೇಳಿಯಾನು. ಆಗ ತಲೆ ತಗ್ಗಿಸದೆ ಉತ್ತರ ಹೇಳುವಂತಾಗಲಿ.